ಬಿಸ್ಕತ್ತಿನ ಬಣ್ಣದ ಪ್ಲಗ್ಗು

ಜನವರಿ ೯

ತಮ್ಮನಿಗೆ,

ನಾನು ಕ್ಷೇಮ. ನಾನು ಕಟ್ಟಿಕೊಟ್ಟ ನಿನ್ನ ಎಂಜಿನ್ ಕ್ಷೇಮವೋ ಅಲ್ಲವೋ ಗೊತ್ತಿಲ್ಲ, ಏಕೆಂದರೆ ನೀನು ಕಳಿಸಿದ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಿಂದ ಏನೂ ತಿಳಿಯುವಂತಿಲ್ಲ. ನಾಲ್ಕೂ ಮಸಿ ಬಳಿದುಕೊಂಡು ಬಂದಿವೆ.

ಏನಾಯಿತೆಂದು ನಾನೇ ಹೇಳುತ್ತೇನೆ ಕೇಳು. ನೀನು ಗಾಡಿಯನ್ನು ಜೋರಾಗಿ ಓಡಿಸಿದೆ. ಆಮೇಲೆ ಮೆಲ್ಲಗೆ ಎಲ್ಲರಿಗೂ ಕೈಬೀಸುತ್ತ ಶೆಡ್ಡಿಗೆ ವಾಪಸು ಬಂದೆ. ಟೀ ಕುಡಿದೆ, ಹರಟೆ ಹೊಡೆದೆ, ಆಮೇಲೆ ಪ್ಲಗ್ಗು ಬಿಚ್ಚಿದೆ. ಆ ಮೆಲ್ಲಗೆ ಬಂದ ಓಟದ ಮಸಿ ಜೋರಿನ ಓಟದ ಗುರುತನ್ನೆಲ್ಲ ಮುಚ್ಚಿಬಿಟ್ಟಿದೆ. ಇದನ್ನು ಅಪ್ಪ ನಿನಗೆ ಎಷ್ಟು ಸಲ ಹೇಳಿದ್ದರು, ನಾನು ಎಷ್ಟು ಸಲ ಹೇಳಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಮತ್ತೊಮ್ಮೆ ಬರೆಯುತ್ತೇನೆ. ನೇರ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡಿಸು. ಹಾಗೇ ಓಡುತ್ತಿರುವಾಗ ಕ್ಲಚ್ ಒತ್ತಿ ಎಂಜಿನ್ ಆಫ್ ಮಾಡು. ಗಾಡಿ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲೇ, ನಡುರಸ್ತೆಯಾದರೂ ಸರಿ, ಇಳಿದು ಪ್ಲಗ್ಗು ಬಿಚ್ಚು. ಬಟ್ಟೆಯಲ್ಲಿ ಸುತ್ತು, ಯಾವ ಸಿಲಿಂಡರಿನದು ಎಂದು ಬರೆ, ಕಳಿಸು. ಒರೆಸಬೇಡ.

ಇನ್ನು ನೀನು ಕೇಳಿದ ದುಬಾರಿ ಪ್ಲಗ್ಗಿನ ವಿಚಾರ. ಡಬ್ಬಿ ಚೆನ್ನಾಗಿದೆ ಎಂದು ಪ್ಲಗ್ಗು ಕೊಳ್ಳುವವನು ನೀನೊಬ್ಬನೇ. ಅದರ ಮೂತಿ ಮುಂದಕ್ಕೆ ಚಾಚಿದೆ. ನಿನ್ನ ಪಿಸ್ಟನ್ನಿನ ತಲೆ ಉಬ್ಬಿದೆ. ಎರಡೂ ಮುತ್ತಿಟ್ಟುಕೊಂಡರೆ ಕಥೆ ಮುಗಿಯಿತು. ಇದು ಟರ್ಬೊ ಇಲ್ಲದೆ ತಾನೇ ಉಸಿರಾಡುವ ಎಂಜಿನ್. ಬಲವೆಲ್ಲ ಬರುವುದು ಒಳಗೆ ಹೋದ ಗಾಳಿಯನ್ನು ಅಷ್ಟು ಬಿಗಿಯಾಗಿ ಹಿಂಡುವುದರಿಂದ. ಹದಿಮೂರು ಪಾಲನ್ನು ಒಂದು ಪಾಲಿಗೆ ಹಿಂಡಿದರೆ ಒಳಗೆ ಕುಲುಮೆ. ಆದ್ದರಿಂದ ತನ್ನ ಮೈಯ ಶಾಖವನ್ನು ಬೇಗ ಬಿಟ್ಟುಕೊಡುವ ತಣ್ಣನೆಯ ಪ್ಲಗ್ಗು ಬೇಕು. ತೀರ ತಣ್ಣನೆಯದಾದರೆ ಮಸಿ ಹಿಡಿದು ಕಿಡಿ ಹಾರುವುದಿಲ್ಲ. ಬಿಸಿಯದಾದರೆ ಕಿಡಿಗೆ ಮೊದಲೇ ಪೆಟ್ರೋಲು ಹತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳುತ್ತದೆ. ಬೆಟ್ಟದ ರೇಸಿನ ತಿರುವಿನಲ್ಲಿ ಎಂಜಿನ್ ಹಿಡಿದುಕೊಂಡರೆ ಚಕ್ರವೂ ಹಿಡಿದುಕೊಳ್ಳುತ್ತದೆ, ಆಮೇಲೆ ಎಲ್ಲಿಗೆ ಹೋಗುವುದೆಂದು ಗಾಡಿ ನಿನ್ನನ್ನು ಕೇಳುವುದಿಲ್ಲ. ನಡುವಿನ ಹದವನ್ನು ನಾನು ಪ್ಲಗ್ಗಿನ ಬಣ್ಣ ನೋಡಿ ಹೇಳಬೇಕು. ಮೂತಿ ಕಪ್ಪಾದರೆ ತೀರ ತಣ್ಣನೆಯದು, ಬಿಳಿಯಾದರೆ ತೀರ ಬಿಸಿಯದು, ಬಿಸ್ಕತ್ತಿನ ಬಣ್ಣವಾದರೆ ಸರಿ. ನಿನಗೆ ಓಡಿಸಲು ಬರುತ್ತದೆ, ನೋಡಲು ಬರುವುದಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ಹ್ಞೂಂ ಹ್ಞೂಂ ಎನ್ನುತ್ತೀಯ, ಇಟ್ಟ ಮೇಲೆ ನಿನಗೆ ತೋಚಿದ್ದು ಮಾಡುತ್ತೀಯ. ಪ್ಲಗ್ಗು ಹೇಗೂ ಅಂಚೆಯಲ್ಲೇ ಬರಬೇಕು, ಜೊತೆಗೆ ನಾಲ್ಕು ಸಾಲೂ ಬರಲಿ.

ತಲೆ ಚಚ್ಚಿಕೊಳ್ಳುತ್ತಿರುವ
ನಿನ್ನ ಅಕ್ಕ

&nbsp;

ಜನವರಿ ೨೪

ಅಕ್ಕನಿಗೆ,

ನಿನ್ನ ಪತ್ರವನ್ನು ನನ್ನವಳು ಗಟ್ಟಿಯಾಗಿ ಓದಿದಳು, ಕೋಣನ ಸಾಲನ್ನು ಎರಡು ಸಲ.

ನೀನು ಹೇಳಿದ ಹಾಗೇ ಮಾಡಿದ್ದೇನೆ. ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇ ಒಂದಿದೆ, ಅಲ್ಲಿ ಓಡಿಸಿದೆ. ಎಂಜಿನ್ ಆಫ್ ಮಾಡಿದ ಮೇಲೆ ಗಾಡಿ ಸದ್ದಿಲ್ಲದೆ ತೇಲಿಕೊಂಡು ಹೋಗಿ ಮುಳ್ಳುಪೊದೆಯ ಪಕ್ಕ ನಿಂತಿತು. ಅಲ್ಲೇ ಕೂತು ಬಿಚ್ಚಿದೆ. ಎರಡು ಬೆರಳು ಸುಟ್ಟುಕೊಂಡಿದ್ದೇನೆ, ಅಕ್ಷರ ಸೊಟ್ಟಗಿರುವುದಕ್ಕೆ ಅದೇ ಕಾರಣ. ಒರೆಸಿಲ್ಲ.

ನೋಡಲು ಬರುವುದಿಲ್ಲ ಎಂದಿದ್ದೀಯ, ಸರಿ. ಆದರೂ ಹೇಳುತ್ತೇನೆ. ಪಿಂಗಾಣಿಯ ಮೂತಿ ನನಗೆ ಬೆಳ್ಳಗೆ ಕಾಣುತ್ತದೆ. ಇನ್ನೊಂದು ಮಾತು, ಎಂಜಿನ್ ಪೂರ್ತಿ ವೇಗಕ್ಕೆ ಏರಿದಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಶಬ್ದ ಬರುತ್ತಿದೆ. ಇಲ್ಲಿಯ ಬಿಡಿಭಾಗದ ಅಂಗಡಿಯವನು ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ಗು ಹಾಕಿ ನೋಡು ಎನ್ನುತ್ತಾನೆ. ನಿನ್ನನ್ನು ಕೇಳದೆ ಹಾಕುವುದಿಲ್ಲ. ರೇಸು ಮೇ ಕೊನೆಗೆ. ಅಷ್ಟರೊಳಗೆ ಹದ ಸಿಕ್ಕರೆ ಸಾಕು.

ಸುಟ್ಟ ಬೆರಳಿನ
ತಮ್ಮ

&nbsp;

ಫೆಬ್ರವರಿ ೩

ತಮ್ಮನಿಗೆ,

ಕೊನೆಗೂ ಒಂದು ಕೆಲಸ ನೆಟ್ಟಗೆ ಮಾಡಿದ್ದೀಯ. ಪ್ಲಗ್ಗು ನೋಡಿದೆ. ನಾಲ್ಕೂ ಒಳ್ಳೆಯ ಬಿಸ್ಕತ್ತಿನ ಬಣ್ಣ. ಕಲಿಯುವವರಿಗೆ ತೋರಿಸಲು ಎತ್ತಿಡಬೇಕು, ಅಷ್ಟು ಚೆನ್ನಾಗಿವೆ. ಇದೇ ಪ್ಲಗ್ಗು ಸರಿ, ಬದಲಾಯಿಸಬೇಡ.

ಬೆಳ್ಳಗೆ ಎಂದು ಬರೆದಿದ್ದೀಯಲ್ಲ, ಎಲ್ಲಿಯ ಬಿಳಿ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಿನಗೆ ಯಾವ ರೋಗವೋ, ಕಂಡದ್ದೆಲ್ಲ ಬಿಳಿ. ಅಂಗಡಿಯವನ ಮಾತು ಎತ್ತಲೇಬೇಡ. ಅವನ ಹತ್ತಿರ ತಣ್ಣನೆಯ ಪ್ಲಗ್ಗು ಮಾರಾಟವಾಗದೆ ಉಳಿದಿರಬೇಕು. ಶಬ್ದಕ್ಕೆ ನೂರು ಕಾರಣ. ಎಕ್ಸಾಸ್ಟ್ ಬಿಗಿದ ನಟ್ಟು ನೋಡು. ನೀನು ಬಿಗಿದದ್ದಾದರೆ ಸಡಿಲವಾಗಿಯೇ ಇರುತ್ತದೆ.

ನನಗೆ ಇಲ್ಲಿ ಬೇರೆ ತಲೆನೋವು. ವರ್ಕ್‌ಶಾಪಿನ ಹಿಂದಿನ ಕೋಣೆಗೆ ಬಿಳಿ ಬಣ್ಣ ಹೊಡೆ ಎಂದರೆ ಬಣ್ಣದವನು ಬೆಣ್ಣೆ ಬಣ್ಣ ಹೊಡೆದು ಕೈ ಒರೆಸಿಕೊಂಡ. ಮತ್ತೊಮ್ಮೆ ಹೊಡೆಸಿದೆ. ಮತ್ತೆ ಬೆಣ್ಣೆ. ಡಬ್ಬಿಯ ಮೇಲಿನ ಹೆಸರು ತೋರಿಸಿ ನನ್ನ ಹತ್ತಿರವೇ ವಾದ ಮಾಡುತ್ತಾನೆ. ಟ್ಯೂಬ್‌ಲೈಟೂ ಹೊಸದು ಹಾಕಿಸಿದೆ, ಅದೂ ಮಂಕು. ಜಗತ್ತಿನಲ್ಲಿ ಯಾರಿಗೂ ಕೆಲಸದ ಮೇಲೆ ಶ್ರದ್ಧೆ ಇಲ್ಲ.

ಹಲ್ಲಿನ ಡಾಕ್ಟರೊಬ್ಬರು ನನ್ನ ಹತ್ತಿರ ನಿನ್ನದರ ಜೋಡಿಯಂಥದೇ ಎಂಜಿನ್ ಕಟ್ಟಿಸುತ್ತಿದ್ದಾರೆ. ಅವರೂ ಅದೇ ಬೆಟ್ಟ ಹತ್ತುವವರು. ಗಾಡಿ ಹೊಸ ಹುಚ್ಚು, ಆದರೆ ಹೇಳಿದ ಮಾತು ಕೇಳುತ್ತಾರೆ. ನಿನ್ನ ಹಾಗಲ್ಲ.

ನಿನ್ನ ಅಕ್ಕ

&nbsp;

ಫೆಬ್ರವರಿ ೨೦

ಅಕ್ಕನಿಗೆ,

ನೀನು ಹೇಳಿದ ಪ್ಲಗ್ಗನ್ನೇ ಇಟ್ಟುಕೊಂಡೆ. ಶಬ್ದ ನಿಂತಿತು. ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆಯುತ್ತಿದೆ. ನಿನ್ನ ಮಾತೇ ಸರಿ.

ಪ್ಲಗ್ಗು ಈಗ ಕಳಿಸುವುದಿಲ್ಲ, ಗಾಡಿಯಲ್ಲೇ ಇರಲಿ. ಚೆನ್ನಾಗಿರುವುದನ್ನು ಬಿಚ್ಚುವುದೇಕೆ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಆರೋಗ್ಯ ನೋಡಿಕೊ.

ತಮ್ಮ

&nbsp;

ಮಾರ್ಚ್ ೨

ತಮ್ಮನಿಗೆ,

‘ನಿನ್ನ ಮಾತೇ ಸರಿ’ ಎಂದು ನಿನ್ನ ಕೈಯಲ್ಲಿ ಬರೆದ ಕಾಗದ ಇದು ಮೊದಲನೆಯದು. ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ನಿಜ ಹೇಳುತ್ತೇನೆ, ನೀನು ಆ ಶಬ್ದದ ವಿಚಾರ ಬರೆದ ಮೇಲೆ ನನಗೂ ಒಳಗೊಳಗೇ ಅಳುಕಿತ್ತು. ಈಗ ನೆಮ್ಮದಿಯಾಯಿತು. ಹಲ್ಲಿನ ಡಾಕ್ಟರ ಎಂಜಿನ್ನಿಗೂ ಇದೇ ಪ್ಲಗ್ಗು, ಕಿಡಿ ಹಾರಲು ಇದೇ ಗ್ಯಾಪು. ಯುಗಗಟ್ಟಲೆ ಪರೀಕ್ಷೆ ಮಾಡುತ್ತ ಕೂರುವುದಿಲ್ಲ, ನಿನ್ನ ಗಾಡಿಯೇ ಪರೀಕ್ಷೆ ಮಾಡಿ ಕೊಟ್ಟಿದೆಯಲ್ಲ. ಈ ತಿಂಗಳ ಕೊನೆಯ ವಾರ ಬಂದು ಒಯ್ಯುತ್ತಾರೆ.

ಸಂಜೆ ಮನೆಗೆ ಗಾಡಿ ಓಡಿಸುವುದು ಬಿಟ್ಟಿದ್ದೇನೆ, ನಡೆದೇ ಹೋಗುತ್ತೇನೆ. ಈಗಿನವರ ಹೆಡ್‌ಲೈಟು ನೋಡಿದ್ದೀಯಾ? ಎದುರಿಗೆ ಬಂದರೆ ದೀಪದ ಸುತ್ತ ಮುಳ್ಳು ಎದ್ದ ಹಾಗೆ ಕಾಣುತ್ತದೆ. ಯಾರು ತಯಾರಿಸುತ್ತಾರೋ, ಯಾರು ಒಪ್ಪಿಗೆ ಕೊಡುತ್ತಾರೋ.

ನಿನ್ನ ಅಕ್ಕ

&nbsp;

ಮಾರ್ಚ್ ೧೧

ಅಕ್ಕಾ,

ಈ ಪತ್ರ ಓದಿ ಮುಗಿಸುವವರೆಗೆ ಬಯ್ಯಬೇಡ. ಆಮೇಲೆ ಎಷ್ಟು ಬೇಕಾದರೂ ಬಯ್ಯಿ.

ನಾನು ನಿನ್ನ ಪ್ಲಗ್ಗು ಹಾಕಿರಲಿಲ್ಲ. ಅಂಗಡಿಯವನು ಹೇಳಿದ, ಒಂದು ಮೆಟ್ಟಿಲು ತಣ್ಣನೆಯದನ್ನು ಹಾಕಿದೆ. ಶಬ್ದ ನಿಂತದ್ದು ಅದರಿಂದ. ನಿನಗೆ ಬೇಜಾರಾಗದಿರಲಿ ಎಂದು ಹಾಗೆ ಬರೆದೆ. ನಲವತ್ತು ದಾಟಿದವನು ಅಕ್ಕನಿಗೆ ಹೆದರಿ ಸುಳ್ಳು ಬರೆಯುತ್ತಾನೆ ಎಂದರೆ ನಗು ಬರಬಹುದು. ನನಗೆ ಬರುತ್ತಿಲ್ಲ.

ಸುಮ್ಮನಿರುತ್ತಿದ್ದೆ. ಆದರೆ ನೀನು ನನ್ನ ಸುಳ್ಳನ್ನು ನಂಬಿ ಹಲ್ಲಿನ ಡಾಕ್ಟರ ಎಂಜಿನ್ನಿಗೂ ಆ ಪ್ಲಗ್ಗು ಹಾಕುತ್ತಿದ್ದೀಯ. ಅವರ ಪಿಸ್ಟನ್ ತೂತಾಗುತ್ತದೆ. ಅವರು ಬೆಟ್ಟದ ಮೇಲಿರುವಾಗ ಆಗುತ್ತದೆ. ದಯವಿಟ್ಟು ಆ ಎಂಜಿನ್ ಹೊರಗೆ ಬಿಡಬೇಡ.

ಇನ್ನೊಂದನ್ನು ಹೇಗೆ ಬರೆಯುವುದೋ ತಿಳಿಯದೆ ಎರಡು ದಿನ ಪೆನ್ನು ಹಿಡಿದು ಕೂತೆ. ನಾನು ಕಳಿಸಿದ ಪ್ಲಗ್ಗು ಬಿಳಿಯೇ ಆಗಿತ್ತು ಅಕ್ಕಾ. ನಿನ್ನ ಮೂರು ಪತ್ರಗಳನ್ನೂ ನನ್ನವಳು ಮೊನ್ನೆ ಒಟ್ಟಿಗೆ ಓದಿದಳು. ಬೆಣ್ಣೆ ಬಣ್ಣದ ಗೋಡೆ, ಮಂಕು ಟ್ಯೂಬ್‌ಲೈಟು, ಮುಳ್ಳಿನ ಹೆಡ್‌ಲೈಟು. ಓದಿ ಮಡಿಸಿಟ್ಟು, “ಬಣ್ಣದವನನ್ನ ಯಾಕೆ ಬಯ್ತಾರೆ, ಅವರ ಕಣ್ಣು ತೋರಿಸ್ಕೊಂಡು ಬರೋಕೆ ಹೇಳಿ” ಎಂದಳು. ನಿನ್ನ ಕಣ್ಣು ತಪ್ಪಬಹುದೆಂದು ನಾನು ಈ ಜನ್ಮದಲ್ಲಿ ಯೋಚಿಸಿರಲಿಲ್ಲ. ನನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡಿದ್ದೆ.

ಕಣ್ಣಿನ ಡಾಕ್ಟರ ಹತ್ತಿರ ಹೋಗು. ನಾನು ಬರುತ್ತೇನೆ ಎಂದರೆ ಬೇಡ ಎನ್ನುತ್ತೀಯ, ಆದರೂ ಕೇಳುತ್ತೇನೆ, ಬರಲೇ?

ನಿನ್ನ ತಮ್ಮ

&nbsp;

ಮಾರ್ಚ್ ೧೯

ಅಕ್ಕಾ,

ಪತ್ರ ಇಲ್ಲ. ಫೋನ್ ಮಾಡಿದರೆ ಎತ್ತಿ, ನನ್ನ ದನಿ ಕೇಳಿ ಇಟ್ಟುಬಿಡುತ್ತೀಯ. ಸಿಟ್ಟಿದ್ದರೆ ಇರಲಿ, ಅದು ನಿನ್ನ ಹಕ್ಕು. ಆದರೆ ಆ ಎಂಜಿನ್ ಹೋಯಿತೋ ನಿಂತಿತೋ, ಒಂದು ಸಾಲು ಬರೆ. ಈ ವಾರದೊಳಗೆ ಬರದಿದ್ದರೆ ನಾನೇ ಹೊರಟು ಬಂದು ಹಲ್ಲಿನ ಡಾಕ್ಟರ ಮನೆ ಬಾಗಿಲು ತಟ್ಟುತ್ತೇನೆ. ನಿನ್ನ ಹೆಸರು ಕೆಟ್ಟರೂ ಸರಿ, ಆ ಮನುಷ್ಯ ಉಳಿಯಲಿ.

ತಮ್ಮ

&nbsp;

ಮಾರ್ಚ್ ೨೭

ತಮ್ಮನಿಗೆ,

ಎಂಜಿನ್ ಹೋಗಿಲ್ಲ. ಯಾರ ಬಾಗಿಲನ್ನೂ ತಟ್ಟಬೇಡ.

ನಿನ್ನ ಪತ್ರ ಬಂದ ದಿನ ಅದನ್ನು ಚೂರು ಚೂರು ಮಾಡಿದೆ. ಗಾಜಿನ ಕೆಳಗಿದ್ದುದನ್ನೂ ತೆಗೆದು ಹರಿದೆ. ನಿನ್ನ ಹೆಂಡತಿ ನನ್ನ ಕಣ್ಣಿನ ವಿಚಾರ ಮಾತಾಡುವುದು, ನೀನು ಅದನ್ನು ಕಾಗದಕ್ಕಿಳಿಸುವುದು! ನಿನ್ನದೇ ತಪ್ಪೆಂದು ತೋರಿಸಿಯೇ ಬಿಡುತ್ತೇನೆಂದು ಹಟ ಹಿಡಿದೆ. ಹಲ್ಲಿನ ಡಾಕ್ಟರು ಎಂಜಿನ್ ಒಯ್ಯಲು ಬಂದಾಗ ನಿನ್ನ ಜನವರಿಯ ನಾಲ್ಕು ಪ್ಲಗ್ಗನ್ನು ಬಟ್ಟೆಯ ಮೇಲೆ ಸಾಲಾಗಿಟ್ಟು, ಇವು ಯಾವ ಬಣ್ಣ ಹೇಳಿ ಎಂದೆ.

ಆ ಮನುಷ್ಯ ಸುಮ್ಮನೆ ಬಾಯಿಮಾತಿನಲ್ಲಿ ಹೇಳಿ ಬಿಡಬಹುದಿತ್ತು. ಇಲ್ಲ, ಚೀಲದಿಂದ ಒಂದು ಪಟ್ಟಿ ತೆಗೆದರು. ಅದರಲ್ಲಿ ಸುಳ್ಳು ಹಲ್ಲುಗಳನ್ನು ಬಿಳಿಯಿಂದ ಹಳದಿಯವರೆಗೆ ಸಾಲಾಗಿ ಜೋಡಿಸಿದೆ. ಹೊಸ ಹಲ್ಲು ಕಟ್ಟುವಾಗ ಪಕ್ಕದ ಹಲ್ಲಿಗೆ ಬಣ್ಣ ಹೊಂದಿಸಲು ಅವರು ಇಟ್ಟುಕೊಳ್ಳುವುದಂತೆ. ಅದನ್ನು ಒಂದೊಂದೇ ಪ್ಲಗ್ಗಿನ ಪಕ್ಕ ಹಿಡಿದು ನೋಡಿ, “ಬಿಳಿ. ಸಿನಿಮಾದವರು ಬಂದು ಕೇಳ್ತಾರಲ್ಲ, ಆ ಬಿಳಿ” ಎಂದರು. ಅಲ್ಲ, ಕಂದು ಎಂದೆ. ಅವರು ಪ್ಲಗ್ಗು ಬಿಟ್ಟು ನನ್ನ ಮುಖ ನೋಡಿದರು. ಈ ಗೋಡೆಗೆ ಯಾವ ಬಣ್ಣ ಎಂದು ಕೇಳಿದರು. ಬಣ್ಣದವನು ಮಾಡಿದ ಮೋಸ ಹೇಳಿದೆ. ಅದೇ ಪಟ್ಟಿಯನ್ನು ಗೋಡೆಗೂ ಹಿಡಿದು ನೋಡಿ, “ಮೇಡಂ, ಗೋಡೆ ಬಿಳಿ ಇದೆ” ಎಂದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೂವತ್ತು ವರ್ಷ ಬಣ್ಣ ನೋಡಿ ಅನ್ನ ತಿಂದವಳು. ಹಲ್ಲಿನ ಡಾಕ್ಟರ ಹತ್ತಿರ ಕಣ್ಣಿನ ರೋಗ ಗೊತ್ತಾಗಬೇಕಾಯಿತು.

ಮರುದಿನ ಕಣ್ಣಾಸ್ಪತ್ರೆಗೆ ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ಪೊರೆಯ ಮೂಲಕ ನೋಡಿದರೆ ಬಿಳಿಯೆಲ್ಲ ಹಳದಿಯಾಗುತ್ತದೆ, ಮೆಲ್ಲಮೆಲ್ಲಗೆ ಬರುವುದರಿಂದ ಗೊತ್ತಾಗುವುದಿಲ್ಲ ಎಂದರು. ಏಪ್ರಿಲಿನಲ್ಲಿ ಬಲಗಣ್ಣಿಗೆ ಆಪರೇಷನ್. ಬಣ್ಣದವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ಒಳಗಿನಿಂದ ತನ್ನ ಹೆಂಡತಿಯನ್ನು ಕರೆದು, ಮತ್ತೊಮ್ಮೆ ಹೇಳಿ ಎಂದ. ಹೇಳಿದೆ.

ಈಗ ನಿನ್ನ ಸರದಿ. ನನ್ನ ಕಣ್ಣು ಕೆಟ್ಟಿತು, ಅದು ವಯಸ್ಸು. ನಿನಗೇನಾಗಿತ್ತು? ‘ಹಾಕಲಿಲ್ಲ ಅಕ್ಕಾ, ನಿನ್ನ ಮಾತು ತಪ್ಪು’ ಎಂದು ಬರೆದಿದ್ದರೆ ನಾನು ಹಾರಾಡುತ್ತಿದ್ದೆ, ಕೂಗಾಡುತ್ತಿದ್ದೆ, ಆಮೇಲೆ ಇನ್ನೊಂದು ಸಲ ಪ್ಲಗ್ಗು ನೋಡುತ್ತಿದ್ದೆ. ನೀನು ಸಿಹಿಯಾಗಿ ಬರೆದೆ. ಆ ಸಿಹಿಯನ್ನು ನಂಬಿ ಒಬ್ಬ ಮನುಷ್ಯನನ್ನು ಕೊಲ್ಲುವವಳಿದ್ದೆ. ನನಗೆ ಕಾಣದಿದ್ದುದಕ್ಕೆ ನಾಚಿಕೆಯಿಲ್ಲ. ನೀನು ನನ್ನನ್ನು ಮಗುವಿನ ಹಾಗೆ ಸಮಾಧಾನ ಮಾಡಿದೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಇನ್ನು ಮೇಲೆ ಯಾರ ಪ್ಲಗ್ಗನ್ನೂ ನಾನು ಆರಿಸುವುದಿಲ್ಲ. ಎಂಜಿನ್ ಕಟ್ಟಿ ಕೊಡುತ್ತೇನೆ. ಪ್ಲಗ್ಗು ಅಂಗಡಿಯವನನ್ನು ಕೇಳಿಕೊ.

ಅಕ್ಕ

&nbsp;

ಮೇ ೪

ಅಕ್ಕನಿಗೆ,

ಆಪರೇಷನ್ ದಿನ ಬಾಗಿಲಲ್ಲಿ ನಿಲ್ಲಿಸಿ ನನ್ನನ್ನು ವಾಪಸು ಕಳಿಸಿದೆ. ಹಲ್ಲಿನ ಡಾಕ್ಟರನ್ನು ಮಾತ್ರ ಒಳಗೆ ಬಿಟ್ಟೆ. ಇರಲಿ, ನನ್ನವಳು ಕೊಟ್ಟುಕಳಿಸಿದ ತಿಂಡಿ ಡಬ್ಬಿಯನ್ನಾದರೂ ಇಸಿದುಕೊಂಡೆಯಲ್ಲ, ಅಷ್ಟು ಸಾಕು.

ಆರಿಸುವುದಿಲ್ಲ ಎಂದು ಬರೆದದ್ದನ್ನು ಓದಿ ನನಗೂ ತಲೆ ಕೆಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಿನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಒಂದು ಸಲ ತಪ್ಪಿತು ಎಂದು ಮೂವತ್ತು ವರ್ಷದ್ದನ್ನು ಒಡೆದು ಹಾಕುವುದೇ? ನನ್ನ ಸುಳ್ಳಿಗೆ ನನ್ನನ್ನು ಶಿಕ್ಷಿಸು. ಕೆಲಸವನ್ನು ಶಿಕ್ಷಿಸಬೇಡ. ಅಂಗಡಿಯವನನ್ನು ಕೇಳಿದೆ. “ಅಷ್ಟು ಬಿಗಿಯಾಗಿ ಹಿಂಡೋ ಎಂಜಿನ್ನಿಗೆ ಮುಂದಿನದು ಹೇಳೋಕೆ ನನ್ನ ಕೈಲಾಗಲ್ಲ, ಕಟ್ಟಿದವರನ್ನೇ ಕೇಳಿ” ಎಂದುಬಿಟ್ಟ.

ರನ್‌ವೇಯಲ್ಲಿ ಮತ್ತೆ ಓಡಿಸಿ, ಅಲ್ಲೇ ಬಿಚ್ಚಿ, ತಣ್ಣನೆಯ ಪ್ಲಗ್ಗು ನಾಲ್ಕನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಈ ಸಲ ಹೀಗೆ ಮಾಡೋಣ. ನನಗೆ ಕಂಡದ್ದನ್ನು ಬೇರೆ ಕಾಗದದಲ್ಲಿ ಬರೆದು, ಕಾಣದ ಹಾಗೆ ಮಡಿಸಿ ಅಂಟಿಸಿ ಇಟ್ಟಿದ್ದೇನೆ. ಮೊದಲು ನೀನು ನೋಡಿ, ನಿನಗೆ ಕಂಡದ್ದು ಬರೆ. ಆಮೇಲೆ ನನ್ನದು ತೆರೆ. ನಿನ್ನನ್ನು ಮೆಚ್ಚಿಸಲು ಒಂದಕ್ಷರವನ್ನೂ ಬರೆದಿಲ್ಲ. ನನಗೆ ನೋಡಲು ಬರುತ್ತದೆ ಎಂಬ ಧೈರ್ಯವೂ ಇಲ್ಲ. ಆದರೆ ಬೆಟ್ಟ ಹತ್ತುವವನು ನಾನು. ನಿನಗೆ ಹೊಸ ಕಣ್ಣು, ನನಗೆ ಅಭ್ಯಾಸವಿಲ್ಲದ ಕಣ್ಣು. ಎರಡೂ ನೋಡಲಿ.

ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುವುದು ಮರೆಯಬೇಡ.

ತಮ್ಮ

&nbsp;

ಮೇ ೧೩

ತಮ್ಮನಿಗೆ,

ಔಷಧಿ ಬಿಟ್ಟುಕೊಳ್ಳುತ್ತಿದ್ದೇನೆ. ಕಟ್ಟು ಬಿಚ್ಚಿದ ದಿನ ಬಚ್ಚಲ ಬಕೆಟ್ಟು ಇಷ್ಟು ನೀಲಿಯೇ ಎಂದು ನಿಂತು ನೋಡಿದೆ. ಕನ್ನಡಿಯನ್ನೂ ನೋಡಿದೆ; ಅದೊಂದು ಬೇಡವಾಗಿತ್ತು. ಎಡಗಣ್ಣು ಮುಚ್ಚಿದರೆ ಗೋಡೆ ಬಿಳಿ, ಬಲಗಣ್ಣು ಮುಚ್ಚಿದರೆ ಬೆಣ್ಣೆ. ನಿನ್ನ ಜನವರಿಯ ಪ್ಲಗ್ಗನ್ನೂ ಹಾಗೇ ಮುಚ್ಚಿ ತೆರೆದು ನೋಡಿದೆ. ಒಂದು ಕಣ್ಣಿಗೆ ಬಿಸ್ಕತ್ತು, ಒಂದು ಕಣ್ಣಿಗೆ ಸುಟ್ಟ ಬಿಳಿ. ಎಷ್ಟು ಜನರ ಎಂಜಿನ್ ಈ ಎಡಗಣ್ಣಿನಿಂದ ನೋಡಿ ಕಳಿಸಿದ್ದೇನೋ, ಒಬ್ಬೊಬ್ಬರಿಗೂ ಹೇಳಿಕಳಿಸುತ್ತಿದ್ದೇನೆ. ಒಬ್ಬರು ಬಯ್ದರು. ಬಯ್ಯಲಿ.

ಪಾರ್ಸೆಲ್ ಬಂದು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ನೋಡಿದೆ. ನನಗೆ ಕಂಡದ್ದು ಬರೆದಿಟ್ಟೆ: ನಾಲ್ಕೂ ತಿಳಿಗಂದು, ನಾಲ್ಕೂ ಸರಿ, ಇದೇ ಇರಲಿ. ಆಮೇಲೆ ನಿನ್ನದು ತೆರೆದೆ. ಎಷ್ಟು ಗೋಂದು ಹಚ್ಚಿದ್ದೀಯೋ ಮಹಾರಾಯ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯಿತು.

ಮೊದಲ ಮೂರಕ್ಕೆ ನೀನೂ ಅದನ್ನೇ ಬರೆದಿದ್ದೀಯ. ನಾಲ್ಕನೆಯದಕ್ಕೆ, ಪಿಂಗಾಣಿಯ ಒಂದು ಬದಿಯಲ್ಲಿ ಸೂಜಿಮೊನೆಯಷ್ಟು ಬೆಳ್ಳಿ ಚುಕ್ಕೆಗಳು ಎರಡು ಇವೆ ಎಂದು ಬರೆದಿದ್ದೀಯ. ಓದಿ ನಗು ಬಂತು. ಇವನೊಬ್ಬ ಇಲ್ಲದ್ದನ್ನು ಕಾಣುವವನು ಎಂದುಕೊಂಡೆ. ಮತ್ತೆ ನೋಡಿದೆ, ಇರಲಿಲ್ಲ. ಭೂತಗನ್ನಡಿ ಹುಡುಕಿ ತಂದು ನೋಡಿದೆ.

ಇವೆ. ಎರಡೇ. ಪಿಸ್ಟನ್ನಿನ ಅಲ್ಯೂಮಿನಿಯಂ ಅದು, ಆಗಲೇ ಕರಗಲು ಶುರುವಾಗಿದೆ. ನಾಲ್ಕನೆಯ ಸಿಲಿಂಡರಿಗೆ ಎಂಜಿನ್ ತಣಿಸುವ ನೀರು ಎಲ್ಲಕ್ಕಿಂತ ಕೊನೆಗೆ ತಲುಪುತ್ತದೆ, ಅದು ಉಳಿದವಕ್ಕಿಂತ ಬಿಸಿ. ನನ್ನ ಮಾತು ಕೇಳಿ ಇದೇ ಪ್ಲಗ್ಗಿನಲ್ಲಿ ಬೆಟ್ಟ ಹತ್ತಿದ್ದರೆ ನೀನು ಮೇಲೆ ಮುಟ್ಟುತ್ತಿರಲಿಲ್ಲ. ನಾಲ್ಕನೆಯದಕ್ಕೆ ಮಾತ್ರ ಇನ್ನೂ ಒಂದು ಮೆಟ್ಟಿಲು ತಣ್ಣನೆಯದು ಹಾಕು. ಉಳಿದ ಮೂರು ಹಾಗೇ ಇರಲಿ. ಪಿಸ್ಟನ್ ಒಮ್ಮೆ ಬಿಚ್ಚಿಸಿ ನೋಡಿ, ಆಮೇಲೆ ಓಡಿಸು.

ಇದನ್ನು ಪೊರೆಯ ಮೇಲೆ ಹಾಕುವಂತಿಲ್ಲ. ಹೊಸ ಕಣ್ಣಿನಲ್ಲೇ ನೋಡಿದ್ದೆ. ನಾನು ಬಣ್ಣ ನೋಡುತ್ತ ಕೂತಿದ್ದೆ, ನೀನು ಚುಕ್ಕೆ ನೋಡಿದೆ. ಇಷ್ಟು ವರ್ಷ ಈ ಕಣ್ಣನ್ನು ಎಲ್ಲಿ ಬಚ್ಚಿಟ್ಟಿದ್ದೆಯೋ ದಡ್ಡಾ? ‘ನೀನು ಕೇಳಲಿಲ್ಲ ಅಕ್ಕಾ’ ಎನ್ನುತ್ತೀಯ. ಹೌದು, ಕೇಳಲಿಲ್ಲ.

ಇನ್ನು ಮೇಲೆ ನೀನು ಮೊದಲು ಬರೆ. ಆಮೇಲೆ ನಾನು ನೋಡುತ್ತೇನೆ. ಗೋಂದು ಮಾತ್ರ ಕಡಿಮೆ ಹಚ್ಚು.

ನಿನ್ನ ಅಕ್ಕ